ಗಲಾಟೆ ಎಂದು ಬರೆದವರು

ವರ್ಕಾಡಿಯ ಅಮ್ಮುವಿನ ಜಗಲಿಯಲ್ಲಿ ಹದಿಮೂರು ಹೆಂಗಸರು ಬೀಡಿ ಕಟ್ಟಲು ಸೇರುತ್ತಿದ್ದರು. ಒಬ್ಬಳು ಓದಿ ಹೇಳಬೇಕು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಅದು ಅಲ್ಲಿಯ ಕ್ರಮ. 2004ರಲ್ಲಿ ಓದುವ ಕೆಲಸ ಪ್ರಫುಲ್ಲಾಳ ಪಾಲಿಗೆ ಬಂತು. ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ್ದರೂ ಅವಳ ಮನೆ ನಡೆಯುತ್ತಿದ್ದುದು ಬೀಡಿ ಕಂಪನಿ ಕೊಟ್ಟ ಕೆಲಸದ ಕಾರ್ಡಿನಿಂದಲೇ.

ಪೇಪರು ಮುಗಿದ ಮೇಲೆ ಅವಳು ವಾಚನಾಲಯದಿಂದ ತಂದ ರೋಮಿನ ಹಳೆಯ ಚರಿತ್ರೆಯನ್ನು ಓದುತ್ತಿದ್ದಳು. ರಟ್ಟು ಕಿತ್ತುಹೋಗಿ, ಬರೆದವನ ಹೆಸರೂ ಅದರೊಂದಿಗೆ ಹೋಗಿತ್ತು. ಮೂರನೆಯ ಅಧ್ಯಾಯದಲ್ಲಿ, ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದ ಬೀವಿ ಕತ್ತರಿ ಕೆಳಗಿಟ್ಟಳು.

"ನಿಲ್ಲಿಸು ಮಾರಾಯ್ತಿ. ಬಡವರು ಗೋಧಿ ಕೇಳಿದ್ರೆ ಗಲಾಟೆ, ಗದ್ದೆ ಕೇಳಿದ್ರೂ ಗಲಾಟೆ. ಆ ಸಭೆಯ ದೊಡ್ಡವರು ಎಂತ ಮಾಡ್ತಾರೆ ಹಾಗಾದ್ರೆ?"

"ಸಮಾಲೋಚನೆ."

"ಮೊನ್ನೆ ಓದಿದ್ಯಲ್ಲ, ಆ ದೊಡ್ಡವರೇ ಬೆಂಚು ಮುರಿದು ಒಬ್ಬನನ್ನು ಹೊಡೆದು ಕೊಂದದ್ದು?"

ಪ್ರಫುಲ್ಲಾ ಪುಟ ತಿರುವಿದಳು. "ಸಮಾಲೋಚನೆ ಬಿಸಿಯೇರಿತು ಅಂತ ಉಂಟು."

ಜಗಲಿಯೆಲ್ಲ ನಕ್ಕಿತು. ಪ್ರಫುಲ್ಲಾಳಿಗೆ ಮಾತ್ರ ನಕ್ಕು ಬಿಡಲಾಗಲಿಲ್ಲ. ಕಾಲೇಜಿನಲ್ಲಿ ಗದ್ದೆಯ ಕಪ್ಪೆಗಳನ್ನು ಎಣಿಸಿದ ಹಾಗೆ, ಐದೈದು ಗೀಟು ಹಾಕುತ್ತ ಆ ಶಬ್ದವನ್ನು ಮೊದಲಿನಿಂದ ಎಣಿಸಿದಳು. ಪುಸ್ತಕದಲ್ಲಿ ಒಟ್ಟು ನಲವತ್ತೇಳು ಗಲಾಟೆ. ನಲವತ್ತೊಂದು ಬಡವರದು, ನಾಲ್ಕು ಆನೆಗಳದು, ಎರಡು ಬಾತುಕೋಳಿಗಳದು. ಸಭೆಯವರದು ಒಂದೂ ಇಲ್ಲ.

"ಆನೆಗಾದ್ರೂ ಮರ್ಯಾದೆ ಉಂಟಲ್ಲ, ನಾಲ್ಕೇ ಸಲ ಬೈದದ್ದು," ಎಂದಳು ಬೀವಿ.

ಆ ವಾರವೇ ಕಂಪನಿಯ ಬ್ರಾಂಚಿನಲ್ಲಿ ತೂತು ಬಿದ್ದ ಬೀಡಿ ಎಲೆ ಕೊಟ್ಟರು. ಹದಿಮೂರು ಮಂದಿಯೂ ಬದಲಿಸಿ ಕೊಡಿ ಎಂದು ಕೇಳಿ, ಎಲೆಯನ್ನು ಅಲ್ಲೇ ಇಟ್ಟು ಬಂದರು. ಎಲೆ ಹಿಂದೆ ಬಂದದ್ದು ಯಾಕೆಂದು ಮೇಲಿನವರು ಕೇಳಿರಬೇಕು. ಶನಿವಾರ ಅವರು ಹೋದಾಗ ಬ್ರಾಂಚು ನೋಡಿಕೊಳ್ಳುವ ಕೃಷ್ಣಕುಮಾರ ಮೇಜಿನ ಮೇಲೆ ಒಂದು ಕಾಗದ ಹರಡಿದ: 'ಬ್ರಾಂಚಿನಲ್ಲಿ ಗಲಾಟೆ ಮಾಡಿದ್ದಕ್ಕೆ ವಿಷಾದಿಸುತ್ತೇವೆ.'

"ಹದಿಮೂರು ಸೈನೂ ಇವತ್ತೇ ಲಾರಿಯಲ್ಲಿ ಹೋಗ್ಬೇಕು. ಹಾಕದವರ ಕಾರ್ಡು ನಾನು ಇಟ್ಕೊಳ್ತೇನೆ. ಮೊದಲು ನೀವು ಹಾಕಿ, ಬಿಎಸ್ಸಿ ಮೇಡಂ."

ಪ್ರಫುಲ್ಲಾ ಪೆನ್ನು ಹಿಡಿದಳು. ಅಮ್ಮುವಿಗೆ ಪಿಂಚಣಿಗೆ ಇನ್ನೆರಡೇ ವರ್ಷ; ಕಾರ್ಡು ಹೋದರೆ ಅದೂ ಹೋದ ಹಾಗೆ. ಅವಳು ಮೆಲ್ಲನೆ ಹೇಳಿದಳು, "ಹಾಕಿಬಿಡು ಮಗಾ. ಒಂದು ಶಬ್ದ ಅಲ್ವಾ?"

"ಒಂದೇ ಶಬ್ದ ಅಮ್ಮಕ್ಕ. ಮುಂದಿನ ಸಲ ಎಲೆ ಕೇಳಿದ್ರೆ ಇದನ್ನೇ ತೋರಿಸ್ತಾರೆ, ಇವರು ಹೋದ ಸಲವೂ ಗಲಾಟೆ ಮಾಡಿದವರು ಅಂತ. ಆಮೇಲೆ ನಾವು ಬಾಯಿ ತೆರೆದದ್ದೆಲ್ಲ ಗಲಾಟೆಯೇ."

ಆ ಸಾಲಿನ ಮೇಲೆ ನೆಟ್ಟಗೆ ಗೀಟು ಎಳೆದು, ಕೆಳಗೆ ಬರೆದಳು: 'ಎಲೆಯಲ್ಲಿ ತೂತು ಇತ್ತು. ಹದಿಮೂರು ಮಂದಿ ಬದಲಿ ಎಲೆ ಕೇಳಿದೆವು. ಕೊಡಲಿಲ್ಲ.' ಸಹಿ ಹಾಕಿ, ಕಾರ್ಡನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ನಿಮ್ಮನ್ನು ಯಾರು ಬರೀಲಿಕ್ಕೆ ಹೇಳಿದ್ದು?" ಕೃಷ್ಣಕುಮಾರ ಎದ್ದು ನಿಂತ. "ಗಲಾಟೆ ಮಾಡ್ಲಿಲ್ವಾ ನೀವು?"

"ಯಾರಿಗೆ ಬೈದೆವು? ಎಂತ ಒಡೆದೆವು? ಹೇಳಿ, ಅದನ್ನೂ ಬರೀತೇನೆ."

ಅವನು ಕಾಗದಕ್ಕೆ ಕೈ ಚಾಚಿದ. ಅಷ್ಟರಲ್ಲಿ ಬೀವಿ ಪೆನ್ನು ಕಿತ್ತುಕೊಂಡು ಸಹಿ ಹಾಕಿ, ತನ್ನ ಕಾರ್ಡನ್ನೂ ಅಲ್ಲೇ ಇಟ್ಟಳು. ಒಬ್ಬೊಬ್ಬರಾಗಿ ಮುಂದೆ ಬಂದರು. ಕೊನೆಗೆ ಉಳಿದವಳು ಅಮ್ಮು. ಅವಳು ಕಾರ್ಡನ್ನು ಒಮ್ಮೆ ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟು, ಶಾಯಿಗೆ ಹೆಬ್ಬೆಟ್ಟು ಅದ್ದಿ ಕಾಗದಕ್ಕೆ ಒತ್ತಿದಳು.

ಹದಿಮೂರು ಕಾರ್ಡು ಇಟ್ಟುಕೊಂಡರೆ ಸೋಮವಾರ ಬೀಡಿ ಕಟ್ಟುವವರು ಯಾರು? ಹೊರಗೆ ಲಾರಿ ಹಾರ್ನ್ ಹಾಕಿತು. ಕೃಷ್ಣಕುಮಾರ ಕಾರ್ಡುಗಳನ್ನೆಲ್ಲ ಬಾಚಿ ಅವರತ್ತ ತಳ್ಳಿದ.

"ತಕ್ಕೊಂಡು ಹೋಗಿ ಮಾರಾಯ್ರೇ. ಇದನ್ನೇ ಕಳಿಸ್ತೇನೆ."

"ನಮಗೊಂದು ನಕಲು ಬೇಕು," ಎಂದಳು ಪ್ರಫುಲ್ಲಾ. "ನಿಮ್ಮ ಕೈಬರಹದಲ್ಲೇ. ಸೀಲೂ ಬೇಕು."

"ನಾನು ಬರೀಬೇಕಾ?"

"ಮೊದಲಿನದನ್ನು ಬರೆದದ್ದು ನೀವೇ ಅಲ್ವಾ, ಕೃಷ್ಣಕುಮಾರಣ್ಣ?"

ಯಾರೂ ಕದಲಲಿಲ್ಲ. ಅವನು ಬಿಳಿ ಹಾಳೆಯೊಂದನ್ನು ಎಳೆದುಕೊಂಡ. ಪ್ರಫುಲ್ಲಾ ಒಂದೊಂದೇ ಶಬ್ದವನ್ನು ಬಿಡಿಸಿ ಹೇಳತೊಡಗಿದಳು.