ಬೋರಯ್ಯ ದಂಡು ನಿಲ್ಲಿಸಿದ್ದು

ದೇಶಕ್ಕೆ ಎಷ್ಟು ಸೈನ್ಯ ಬೇಕು ಎಂಬುದನ್ನು ಬಂಡೂರಿನ ಬೋರಯ್ಯ ಎಂದೋ ತೀರ್ಮಾನಿಸಿಬಿಟ್ಟಿದ್ದ. ಜಪಾನಿನವರು ರಂಗೂನಿಗೆ ಬಂದರೆಂಬ ಸುದ್ದಿ ತಲುಪಿದಾಗಿನಿಂದ, ಮಳವಳ್ಳಿ ಸಂತೆಗೆ ಹೋದಾಗಲೆಲ್ಲ ದಸ್ತಗೀರನ ಲಾರಿ ರಿಪೇರಿ ಅಂಗಡಿಯ ಮುಂದೆ ಕೂತು ಅದನ್ನೇ ಕೊಚ್ಚುತ್ತಿದ್ದ.

"ಐವತ್ತು ಲಕ್ಸ ಸಿಪಾಯ್ಗಳು ಬೇಕು ಕಣ್ಲಾ. ಗಡೀಲಿ ನಿಲ್ಸುದ್ರೆ ಏನ್ ಬಂತು? ಊರೂರ್ಗೂ ಒಂದೊಂದ್ ದಂಡು ಇಕ್ಬೇಕು."

"ಅಷ್ಟ್ ಜನಕ್ಕೆ ಉಣ್ಣಾಕೆ ಇಕ್ಕೋರ್ಯಾರು ಗೌಡ್ರೆ?" ಎಂದ ದಸ್ತಗೀರ.

"ಊರೋರು ಇಕ್ತೀವಿ ಬುಡು. ಅಷ್ಟೂ ಗತಿಗೆಟ್ಟೋಗಿದ್ದೀವಾ?"

ಆ ಮಾತು ದೇವರಿಗೆ ಕೇಳಿಸಿತೋ ಸರ್ಕಾರಕ್ಕೋ. ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮೂವತ್ತು ಸಿಪಾಯಿಗಳು ಕೆಟ್ಟ ಲಾರಿಯೊಂದರ ಸಮೇತ ಬಂಡೂರಿನ ಮಾವಿನ ತೋಪಿನಲ್ಲಿ ಇಳಿದರು. ಲಾರಿ ರಿಪೇರಿಗೂ, ಪಂಜಾಬಿನ ಹವಾಲ್ದಾರನ ಮಾತನ್ನು ಕನ್ನಡದಲ್ಲಿ ಹೇಳುವುದಕ್ಕೂ ದಸ್ತಗೀರನನ್ನೇ ಕರೆಸಿದರು. ಬೋರಯ್ಯನ ಎದೆ ಉಬ್ಬಿತು. ಸರಿಗೆ ಪೇಟ ಸುತ್ತಿಕೊಂಡು ಹವಾಲ್ದಾರನನ್ನು ನೇರ ತನ್ನ ಕುರಿದೊಡ್ಡಿಗೇ ಕರೆತಂದ.

ದೊಡ್ಡ ನೆಂಟ ಬಂದರೆ ಆ ಮನೆಯಲ್ಲಿ ಒಂದು ಪದ್ಧತಿ. ದೊಡ್ಡಿಯ ಬಾಗಿಲು ತೆಗೆದು "ಬೇಕಾದ್ದು ಮುಟ್ಟಿ" ಎನ್ನಬೇಕು, ಮುಟ್ಟಿದ್ದನ್ನು ಇಲ್ಲವೆನ್ನುವಂತಿಲ್ಲ. ನೆಂಟನೂ ಮರ್ಯಾದಸ್ಥನಾದರೆ ಮೂಲೆಯ ಬಡಕಲು ಕುರಿಯನ್ನೇ ಮುಟ್ಟುತ್ತಾನೆ. ಹುಟ್ಟಿದಾಗಿನಿಂದ ಬೋರಯ್ಯ ಬೇರೆ ಥರದ ನೆಂಟನನ್ನು ಕಂಡಿರಲಿಲ್ಲ. ಹವಾಲ್ದಾರನಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಅವನು ಸೀದಾ ಹೋಗಿ, ನಲವತ್ತು ಹೆಣ್ಣುಕುರಿಗಳ ನಡುವೆ ತಳಿಗೆಂದು ಉಳಿಸಿಕೊಂಡಿದ್ದ ಒಂದೇ ಒಂದು ಟಗರಿನ ಮೇಲೆ ಕೈಯಿಟ್ಟ.

ಬೋರಯ್ಯ ಎರಡು ಹೆಜ್ಜೆ ಮುಂದೆ ಬಂದು ನಿಂತ. ಅಂಗೈಯಲ್ಲಿ ಬೆಲ್ಲ ತಿನ್ನಿಸಿ ಸಾಕಿದ್ದ ಟಗರು ಅದು.

ಹವಾಲ್ದಾರ ಕೆಟ್ಟವನಲ್ಲ. ಗೌಡನ ಮುಖ ನೋಡಿ ಏನೋ ಕೇಳಿದ.

"ಇದು ಬೇಕಾಗಿರೋದಾದ್ರೆ ಬ್ಯಾರೆ ಮುಟ್ತೀನಿ ಅಂತಾವ್ರೆ," ಎಂದ ದಸ್ತಗೀರ. "ಬೇಕು ಅಂದ್ಬುಡಿ ಗೌಡ್ರೆ, ಸುಮ್ಕೆ."

ಊರೆಲ್ಲ ಬೇಲಿಯಾಚೆ ನಿಂತು ನೋಡುತ್ತಿತ್ತು. "ಥೂ, ಇದ್ಯಾವ ದೊಡ್ ಟಗರು! ತಕ್ಕೊಂಡೋಗಾಕೇಳು," ಎಂದುಬಿಟ್ಟ ಬೋರಯ್ಯ.

ಮಧ್ಯಾಹ್ನ ತೋಪಿನಲ್ಲಿ ಅವನಿಗೂ ಎಲೆ ಹಾಕಿದರು. ಮಾಂಸ ಬೆಣ್ಣೆಯಂತಿತ್ತು. ಅದನ್ನೇ ಅವನಿಂದ ತಡೆಯಲಾಗಲಿಲ್ಲ, ಕಣ್ಣು ತುಂಬಿತು. ದೇಶಭಕ್ತಿಯೆಂದುಕೊಂಡು ಹವಾಲ್ದಾರ ಬೆನ್ನು ತಟ್ಟಿದ. ಆಮೇಲೆ ಸೀಸದಕಡ್ಡಿ ತೆಗೆದು ದಸ್ತಗೀರನ ಕೈಲಿ ಕೇಳಿಸಿದ.

"ಇನ್ನೂರು ಜನದ ದಂಡು ಮಳೆಗಾಲದ್ಗಂಟ ಎಲ್ಲಾರ ತಂಗ್ಬೇಕಂತೆ. ನಿಮ್ಮೂರ್ನೇ ಬರ್ಕೊಳ್ಳಲಾ ಅಂತಾವ್ರೆ."

ಬೋರಯ್ಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. "ಇಲ್ಲಿ ನೀರಿಲ್ಲ ಕಣ್ಲಾ! ಮದ್ದೂರ್ ಕಡೆ ಆತಗೂರು ಅದೆ, ನಮ್ ಬಾಮೈದನ ಊರು. ನೀರು, ನೆಳ್ಳು, ಒಳ್ಳೆ ಜನ. ಅಲ್ಲಿಗ್ ಬರ್ಕೊಳ್ಳಾಕೇಳು."

ಹವಾಲ್ದಾರ ಬರೆದುಕೊಂಡ. ಬೋರಯ್ಯ ಯುದ್ಧ ಗೆದ್ದವನಂತೆ ಮನೆಗೆ ಬಂದು ಹೆಂಡತಿ ಮರಿತಾಯಮ್ಮನಿಗೆ ಎಲ್ಲ ಹೇಳಿದ. ಬೆಳಿಗ್ಗೆಯಿಂದ ಅಳುತ್ತಿದ್ದ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ಆತಗೂರ್ಗಾ? ನಿನ್ ಬುದ್ದಿಗಿಷ್ಟು ಬೆಂಕಿ ಬೀಳ! ಈ ಟಗರಿಗೆ ಉಟ್ಟಿದ್ ಗಂಡುಮರಿ ಉಳ್ದಿರೋದು ನಮ್ ತಮ್ಮನ ದೊಡ್ಡೀಲೊಂದೇಯ. ಅದ್ನಾರ ತರ್ಸಾನ ಅಂತ ಜೀವ ಇಡ್ಕಂಡಿದ್ದೆ."

ಬೋರಯ್ಯ ಕೈ ಕೂಡ ತೊಳೆಯಲಿಲ್ಲ. ಗಾಡಿ ಕಟ್ಟಿ ಆತಗೂರಿನ ದಾರಿ ಹಿಡಿದ. ಎರಡು ಮೈಲಿ ಹೋಗಿರಲಿಲ್ಲ, ಹಿಂದಿನಿಂದ ರಿಪೇರಿಯಾದ ಲಾರಿಯ ಸದ್ದು ಕೇಳಿಸಿತು. ಮುಂದಿನ ಸೀಟಿನಿಂದ ದಸ್ತಗೀರ ತಲೆ ಹೊರಗೆ ಹಾಕಿ ಕೂಗಿದ:

"ಜಾಗ ನೋಡಾಕೆ ಈಗ್ಲೇ ಓಯ್ತಾವ್ರೆ ಗೌಡ್ರೆ! ನಿಮ್ ಬಾಮೈದನ ಮನೆ ಯಾವ್ ಬೀದೀಲಿ?"

ಬೋರಯ್ಯ ಬಾಯಿ ತೆರೆಯುವಷ್ಟರಲ್ಲಿ ಲಾರಿ ದಾಟಿಹೋಯಿತು. ಮೂವತ್ತು ಸಿಪಾಯಿಗಳೂ ಅವನಿಗೆ ಸಲಾಮು ಹೊಡೆದರು. ಲಾರಿಯೆಬ್ಬಿಸಿದ ಧೂಳಿನಲ್ಲಿ ಗಾಡಿಯ ಮೇಲೆ ಕೂತು ಅವನು ಎತ್ತುಗಳನ್ನು ಬೈಯತೊಡಗಿದ.