ಅಳಿಸಿಹೋದ ಸುಲ್ತಾನ

ಇಸ್ತಾಂಬುಲಿನಲ್ಲಿ ಐದು ದಿನ ಇದ್ದು ಬಂದ ನಿಝಾಮನಿಗೆ ಟರ್ಕಿಯೆಲ್ಲ ಅಂಗೈಯಲ್ಲಿತ್ತು. ಪುತ್ತೂರಿನಲ್ಲಿ ಅವನು ತೆರೆಯಲಿದ್ದ ‘ಅಪ್ಪಟ ಟರ್ಕಿ’ ಹೋಟೆಲಿನ ಅಡುಗೆಯವನು ಅಸ್ಸಾಮಿನವನು, ಚಹಾ ಮಾಡುವವನು ಇಚಿಲಂಪಾಡಿಯವನು. ಅದರ ಬಗ್ಗೆ ಅವನಿಗೆ ತಕರಾರು ಇರಲಿಲ್ಲ. ತಕರಾರು ಎದ್ದದ್ದು ಮುಹ್ಸಿನಾಳ ಚಿತ್ರದ ಮೇಲೆ.

ಪುತ್ತೂರಿನ ಹತ್ತಿರದ ಸವಣೂರಿನ ಮುಹ್ಸಿನಾ ಗಂಡನ ಜೊತೆ ಶಾರ್ಜಾದಲ್ಲಿದ್ದಾಗ ಟರ್ಕಿಯ ಒಬ್ಬ ಮುದುಕಿಯಿಂದ ಆ ದೇಶದ ಹಳೆಯ ಮಿನಿಯೇಚರ್ ಚಿತ್ರಕಲೆ ಕಲಿತವಳು. ಹೋಟೆಲಿಗೆಂದು ಹತ್ತು ತಿಂಗಳು ಕೂತು ಸುಲ್ತಾನನ ತೋಟ ಬರೆದಿದ್ದಳು. ತನ್ನ ಚಿತ್ರ ಊರವರ ಕಣ್ಣೆದುರು ಒಂದು ಗೋಡೆಯ ಮೇಲೆ ಇರಬೇಕು, ಅಷ್ಟೇ ಅವಳ ಆಸೆ.

ನಿಝಾಮ ಯಾವುದೋ ವಿಡಿಯೋ ನೋಡಿ ಪಂಡಿತನಾಗಿದ್ದ. ಈ ಮೋಡ, ಈ ಬಾಗಿದ ಎಲೆ ಪರ್ಶಿಯಾದ್ದು, ಕಲಬೆರಕೆ ತನ್ನಲ್ಲಿ ನಡೆಯುವುದಿಲ್ಲ ಎಂದ. ಐನೂರು ವರ್ಷದ ಹಿಂದೆ ಪರ್ಶಿಯಾದ ತಬ್ರೀಝಿನ ಚಿತ್ರಗಾರರು ಇಸ್ತಾಂಬುಲಿಗೆ ಬಂದರೆಂದೂ, ಕೆಲವರನ್ನು ಸುಲ್ತಾನನೇ ಯುದ್ಧ ಗೆದ್ದು ಕರೆತಂದನೆಂದೂ, ಅರಮನೆಯ ಚಿತ್ರಶಾಲೆಗೆ ಅವರಲ್ಲೊಬ್ಬ ಯಜಮಾನನೇ ಆದನೆಂದೂ ಮುಹ್ಸಿನಾ ವಿವರಿಸಿದಳು. ನಿಝಾಮ ಮೊಬೈಲು ತಿಕ್ಕುತ್ತಿದ್ದ.

“ಅದೆಲ್ಲ ಎಂತಕ್ಕೆ ಮಾರಾಯ್ತಿ? ಪರ್ಶಿಯಾದ್ದು ತೆಗೆದು ಕೊಡು, ಗೋಡೆಗೆ ಹಾಕುವ.”

ಅವಳ ಮೈ ಉರಿಯಿತು. ಮೊಟ್ಟೆಯ ಬಿಳಿ ಬಳಿದು, ಕಲ್ಲಿನಿಂದ ಉಜ್ಜಿ ನಯಮಾಡಿದ ಕಾಗದ ಅದು. ಬಣ್ಣ ಒಳಗೆ ಇಳಿಯುವುದಿಲ್ಲ, ಒದ್ದೆ ಹತ್ತಿಗೆ ಬಂದುಬಿಡುತ್ತದೆ. ಹತ್ತಿ ಒದ್ದೆಮಾಡಿ ಅವನ ಕೈಗೇ ಕೊಟ್ಟಳು. ಪರ್ಶಿಯಾದ್ದು ಯಾವುದೆಲ್ಲ ಎಂದು ನಾನು ತೋರಿಸುತ್ತೇನೆ, ನೀವೇ ಒರೆಸಿ ಎಂದಳು. ಒಂದು ಮೋಡ ಹೋಗುವಷ್ಟರಲ್ಲಿ ಮನುಷ್ಯನಿಗೆ ನಾಚಿಕೆಯಾದೀತು ಎಂದು ನಂಬಿದ್ದಳು. ಅದೇ ಅವಳು ಮಾಡಿದ ತಪ್ಪು.

ಮಹಾಶಯ ಒರೆಸಿದ. ಮೋಡ ಹೋಯಿತು, ಎಲೆ ಹೋಯಿತು. ತೊರೆಯ ದಂಡೆಯ ಹೂಗಳು ಹೋದವು. ಅವಳೂ ಹಟಕ್ಕೆ ಬಿದ್ದು ತೋರಿಸುತ್ತಲೇ ಹೋದಳು. ಕೊನೆಗೆ, ಅದೂ ಪರ್ಶಿಯಾದ ರೀತಿಯದ್ದೇ ಎಂದು ಅವಳು ತೋರಿಸಿದ ಸುಲ್ತಾನನ ದುಂಡು ಮುಖವನ್ನೂ ಅವನು ಮೇಜು ಒರೆಸಿದ ಹಾಗೆ ಒರೆಸಿದ. ಹತ್ತು ತಿಂಗಳ ದುಡಿಮೆ ಹತ್ತು ನಿಮಿಷದಲ್ಲಿ ಹತ್ತಿಗೆ ಅಂಟಿತು. ಉಳಿದದ್ದು ಮೂಲೆಯಲ್ಲಿ ಅವಳು ಬರೆದಿದ್ದ ‘ಮುಹ್ಸಿನಾ, ಸವಣೂರು’ ಮಾತ್ರ.

ನಿಝಾಮ ಹಿಂದೆ ಸರಿದು ನಿಂತು, ತೃಪ್ತಿಯಿಂದ ತಲೆಯಾಡಿಸಿದ.

“ಈಗ ಸರಿ ಆಯ್ತು. ಇನ್ನು ಉಳಿದದ್ದು ಟರ್ಕಿಯದ್ದೇ ಅಲ್ವಾ?”

“ಅಲ್ಲ ನಿಝಾಮಾಕ. ಸವಣೂರಿನದ್ದು,” ಎಂದು ಕಾಗದವನ್ನು ಕಂಕುಳಲ್ಲಿಟ್ಟು ಅವಳು ಹೊರಟಳು. ಬಸ್ಸಿನಲ್ಲಿ ಅತ್ತಳು.

ಉದ್ಘಾಟನೆಯ ದಿನ ಆ ಗೋಡೆಯಲ್ಲಿ ಮಿನುಗುವ ದೀಪದ ಪ್ಲಾಸ್ಟಿಕ್ ಮಸೀದಿಯೊಂದಿತ್ತು. ಜನ ಅದರೆದುರು ಸೆಲ್ಫಿ ತೆಗೆದುಕೊಂಡರು. ಅತ್ತ ಸವಣೂರಿನಲ್ಲಿ ಮುಹ್ಸಿನಾ ಅದೇ ಕಾಗದದ ಮೇಲೆ ಮೊದಲು ಮೋಡವನ್ನೇ ಬರೆಯುತ್ತಿದ್ದಳು.