ಕಾರಿದ ಮೀನು

ಚನ್ನಮಲ್ಲಮ್ಮನ ಹಿತ್ತಲಿನ ಹುಣಸೆಮರದಲ್ಲಿ ಆ ವರ್ಷ ಹನ್ನೊಂದು ಗೂಡುಗಳಿದ್ದವು. ಬಣ್ಣದ ಕೊಕ್ಕರೆ ನೋಡಲು ಚೆಂದ, ಬಾಲದ ಹತ್ತಿರ ಗುಲಾಬಿ ಪುಕ್ಕ, ಉದ್ದನೆ ಹಳದಿ ಕೊಕ್ಕು, ಎಲ್ಲ ಸರಿಯೇ. ಆದರೆ ಅವು ಮೇಲಿರುವಾಗ ಕೆಳಗೆ ಸಂಸಾರ ಮಾಡಿ ನೋಡಬೇಕು. ಕಳ್ಳಂಬೆಳ್ಳದ ಕೆರೆಯಿಂದ ನುಂಗಿ ತಂದ ಮೀನನ್ನು ಗೂಡಿನಲ್ಲಿ ಕಾರುತ್ತವೆ. ಮರಿಗಳು ಅರ್ಧ ತಿಂದು ಅರ್ಧ ಬೀಳಿಸುತ್ತವೆ. ಬಿದ್ದದ್ದು ಬಿಸಿಲಿಗೆ ಕೊಳೆಯುತ್ತದೆ, ಅದರ ಮೇಲೆ ಸುಣ್ಣ ಎರಚಿದ ಹಾಗೆ ಹಿಕ್ಕೆ. ಚನ್ನಮಲ್ಲಮ್ಮನದು ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವಂಥ ಲಿಂಗಾಯತರ ಮನೆ. ಫೆಬ್ರವರಿಯಿಂದ ಮಳೆಗಾಲದವರೆಗೆ ಆಕೆ ಮೂಗಿಗೆ ಸೆರಗು ಹಿಡಿದೇ ಬಟ್ಟೆ ಒಣಗಿಸುತ್ತಿದ್ದಳು, ಮೂಗಿಗೆ ಸೆರಗು ಹಿಡಿದೇ ಬೈಯುತ್ತಿದ್ದಳು. ಹಾಗಂತ ಓಡಿಸಿದವಳಲ್ಲ. ಮರಿ ಹಾರುವ ತನಕ ಮರಕ್ಕೆ ಕೋಲು ಹಾಕಬಾರದೆಂಬುದು ಊರಿನ ಕಟ್ಟು.

ಮಾರ್ಚಿನಲ್ಲಿ ಒಂದು ಮರಿ ಬಿದ್ದಿತ್ತು. ಆಗ ಅವಳ ಅಸಹ್ಯವೆಲ್ಲ ಎಲ್ಲಿ ಹೋಯಿತೋ. ಬೀದಿಯ ಎಷ್ಟೋ ಹಸುಗೂಸುಗಳಿಗೆ ಹಾಲು ಕುಡಿಸಿದ ಬೆಳ್ಳಿಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದಳು. ಕಾಲು ನೀಡಿ ಕೂತು, ಕೂಸಿನ ಹಾಗೆ ಮರಿಯನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಹಾಲಿನಲ್ಲಿ ಕದಡಿದ ರಾಗಿ ಸರಿಯನ್ನು ಒಳಲೆಯ ಮೂತಿಯಿಂದ ಕೊಕ್ಕಿನೊಳಕ್ಕೆ ಸುರಿದಳು. ಸೊಸೆ ಆಶಾರಾಣಿ ಅದನ್ನು ಫೋನಿನಲ್ಲಿ ಹಿಡಿದು ಹರಿಯಬಿಟ್ಟಳು. ಶಿರಾದಿಂದ, ಪಾವಗಡದಿಂದ, ಯಾರ್ಯಾರೋ ಹೃದಯದ ಚಿತ್ರ ಕಳಿಸಿದರು. ಬೆಳಗಾಗುವ ಹೊತ್ತಿಗೆ ಮರಿ ಸತ್ತಿತ್ತು.

ಅರಣ್ಯ ಇಲಾಖೆಯ ಕಾವಲುಗಾರ ಕದಿರಯ್ಯ ಬಂದು ಮರಿಯನ್ನು ತಲೆಕೆಳಗು ಹಿಡಿದ. ಕೊಕ್ಕಿನಿಂದ ಹುಳಿ ಬಂದ ರಾಗಿ ಸೋರಿತು.

"ಏನ್ ಕುಡಿಸಿದ್ರಿ?"

"ರಾಗಿ ಸರಿ ಕಣಪ್ಪ. ಹಾಲಾಗೆ ಕದಡಿ, ತೆಳ್ಳಗೆ."

"ಮೀನು ತಿನ್ನೋ ಹಕ್ಕಿಗೆ ಯಾರಾದ್ರೂ ಹಾಲು ಕುಡಿಸ್ತಾರೇನಮ್ಮ? ನೀವು ಸುರಿದಿದ್ದು ಉಸಿರಿನ ಕೊಳವೆಗೆ ಹೋಗೈತೆ. ನಿಮ್ಮ ತೊಡೆ ಮ್ಯಾಲೇ ಮುಳುಗಿ ಸತ್ತೈತೆ ಇದು."

ಚನ್ನಮಲ್ಲಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸತ್ತ ಮರಿಯ ವಿಡಿಯೋಗೆ ಹೃದಯಗಳು ಬರುತ್ತಲೇ ಇದ್ದವು. ಸೊಸೆ ಅವನ್ನು ಎಣಿಸಿ ಹೇಳಿದಾಗಲೆಲ್ಲ ಆಕೆಗೆ ತನ್ನ ಕೈಯನ್ನೇ ನೋಡಲು ಹೇಸಿಗೆಯಾಗುತ್ತಿತ್ತು.

ಏಪ್ರಿಲ್ಲಿನ ಗಾಳಿಗೆ ಇನ್ನೊಂದು ಮರಿ ಬಿತ್ತು. ಇದು ತುಸು ದೊಡ್ಡದು, ಬೂದು ಪುಕ್ಕ ಮೂಡಿತ್ತು. ಈ ಸಲ ಆಕೆ ಮುಟ್ಟುವ ಮೊದಲೇ ಕದಿರಯ್ಯನಿಗೆ ಫೋನು ಮಾಡಿಸಿದಳು.

"ಜೀಪು ಮಧುಗಿರಿ ಕಡೆ ಗುಡ್ಡದ ಬೆಂಕಿಗೆ ಹೋಗೈತಮ್ಮ. ನಾಳಿದ್ದು ಬೆಳಿಗ್ಗೆ ಬಂದು ತಗಂಡೋಗ್ತೀವಿ. ಅಲ್ಲಿಗಂಟ ನೆರಳಾಗಿಡಿ. ಬಾಯಿಗೆ ಏನೂ ಸುರೀಬ್ಯಾಡಿ. ಸಣ್ಣ ಮೀನು ಅದರ ಮುಂದೆ ಹಾಕಿ ದೂರ ಬಂದ್ಬುಡಿ, ಅದೇ ಎತ್ಕಂಡು ತಿಂತದೆ. ಜನ ಸೇರಿಸ್ಬ್ಯಾಡಿ. ಹೆದರಿಕಂಡ್ರೆ ತಿಂದಿದ್ದೆಲ್ಲ ಕಾರ್ಬುಡ್ತದೆ. ಆಮ್ಯಾಕೆ ಶಕ್ತಿ ಇಲ್ದೆ ಸಾಯ್ತದೆ."

ಮರಿಯನ್ನು ಖಾಲಿ ಕೊಟ್ಟಿಗೆಯಲ್ಲಿ ಬಿಟ್ಟು ಬಾಗಿಲಿಗೆ ಗೋಣಿ ಇಳಿಬಿಟ್ಟರು. ಮೀನಿಗೆ ಕೆರೆಯಲ್ಲಿ ಬಲೆ ಹಾಕುವ ಮನೆಯ ಓಬಳಮ್ಮನಿಗೆ ಹೇಳಿ ಕಳಿಸಿದ್ದಾಯಿತು.

"ನಿಮ್ಮನೆಗೆ ನಾನು ಮೀನು ತತ್ತೀನಿ ಅಂತ ಕನಸಾಗೂ ಅಂದ್ಕಂಡಿರ್ಲಿಲ್ಲ ಅಮ್ಮಾರೆ," ಓಬಳಮ್ಮ ನಗುತ್ತಾ ಹಿತ್ತಲ ಬಾಗಿಲಿಗೆ ಬಂದಳು. "ಹುರಿದು ಕೊಡ್ಲಾ, ಹಸೀದೇ ಸಾಕಾ?"

"ನಿನ್ನ ಬಾಯಿಗಿಷ್ಟು. ಬ್ಯಾಗ ಹಾಕಿ ಬಾರೇ, ವಾಕರಿಕೆ ಬತ್ತಾ ಐತೆ."

"ಸೆರಗು ಬಾಯಿಗೆ ತುರುಕ್ಕಂಡು ಮಾತಾಡಿದ್ರೆ ನಂಗೇನು ಕೇಳ್ತದೆ?"

ಮರಿ ಅಂದು ಸಂಜೆ ನಾಲ್ಕು ಮೀನು ತಿಂದಿತು. ಮರುದಿನ ಬೆಳಿಗ್ಗೆ ಓಬಳಮ್ಮ ಮೂರು ದಪ್ಪ ಮೀನು ಹಾಕಿ, ನೆಂಟರ ಮನೆ ನಾಮಕರಣಕ್ಕೆ ಕೊರಟಗೆರೆಗೆ ಹೊರಟಳು. "ಇವತ್ತಿಗೆ ಇಷ್ಟೇ. ನಾಳೆ ಜೀಪು ಬತ್ತದಲ್ಲ, ತಡ್ಕತದೆ ಬುಡಿ."

ಹತ್ತು ಗಂಟೆಗೆ ಮನೆ ಮುಂದೆ ಕಾರು ನಿಂತಿತು. ಮಧುಗಿರಿಯ ಯಾವುದೋ ಪಕ್ಷಿಪ್ರೇಮಿ ಬಳಗದವರಂತೆ, ಐದು ಜನ. ಮುಂದಾಳು ಅನಿಲ್ ಕುಮಾರ್ ಎಂಬಾತ. ಕೈಯಲ್ಲಿ ಶಾಲು, ಹಾರ, ಸುತ್ತಿಟ್ಟ ಬ್ಯಾನರು. ಚನ್ನಮಲ್ಲಮ್ಮ ಸೊಸೆಯ ಮುಖ ನೋಡಿದಳು.

"ಇನ್ನೊಂದು ಮರಿ ಬಿದ್ದೈತೆ ಅಂತ ಒಂದೇ ಒಂದು ಫೋಟೋ ಹಾಕ್ದೆ ಅತ್ತೆ," ಆಶಾರಾಣಿ ಉಗುರು ಕಚ್ಚಿದಳು.

"ನಿಮ್ಮಂಥೋರಿಂದಾನೇ ಪಕ್ಷಿಸಂಕುಲ ಉಳಿದಿರೋದು ಅಮ್ಮ," ಅನಿಲ್ ಕುಮಾರ್ ಕೈಮುಗಿದ. "ಸಣ್ಣದೊಂದು ಸನ್ಮಾನ. ಅದಕ್ಕೂ ಮುಂಚೆ ಆ ವಿಡಿಯೋ ತರಾನೇ ಒಂದ್ಸಲ ಒಳಲೇಲಿ ಹಾಲು ಕುಡಿಸಿ. ಜನ ಎಷ್ಟು ಮೆಚ್ಚಿದಾರೆ ಗೊತ್ತಾ?"

"ಆ ಮರಿ ಸತ್ತೋಯ್ತು ಕಣಪ್ಪ. ಹಾಲು ಕುಡಿಸಿದ್ದಕ್ಕೇ ಸತ್ತಿದ್ದು."

ಆತ ಸ್ವಲ್ಪ ಹತ್ತಿರ ಬಂದು ದನಿ ಇಳಿಸಿದ. "ಪರವಾಗಿಲ್ಲಮ್ಮ. ಅದು ಯಾರಿಗೂ ಗೊತ್ತಿಲ್ಲ. ಸುಮ್ನೆ ಕೊಕ್ಕಿನ ಹತ್ರ ಹಿಡಿದ್ರೂ ಸಾಕು."

ಚನ್ನಮಲ್ಲಮ್ಮನಿಗೆ ಎರಡು ತಿಂಗಳಿಂದ ಮೂಗಿಗೆ ಅಡರಿದ್ದ ಕೊಳೆತ ಮೀನಿನ ನಾತ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಆಕೆ ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿನಿಂದ ಗದ್ದಲ ಕೇಳಿತು. ಉಳಿದ ನಾಲ್ವರು ಕೊಟ್ಟಿಗೆಯ ಗೋಣಿ ಸರಿಸಿ ಒಳನುಗ್ಗಿದ್ದರು.

ಆಕೆ ಓಡಿಹೋಗಿ ನೋಡುತ್ತಾಳೆ, ಮರಿ ಮೂಲೆಗೆ ಬೆನ್ನು ಒತ್ತಿ ನಿಂತಿದೆ. ಅದರ ಮುಖದ ಮುಂದೆ ನಾಲ್ಕು ಫೋನು. ಕುತ್ತಿಗೆ ಹಿಂದಕ್ಕೂ ಮುಂದಕ್ಕೂ ಆಡಿತು, ಗಂಟಲು ಉಬ್ಬಿತು, ಬೆಳಿಗ್ಗೆ ತಿಂದ ಮೂರೂ ಮೀನು ಲೋಳೆಯ ಸಮೇತ ನೆಲಕ್ಕೆ ಬಿದ್ದವು. ಒಂದರ ಚರ್ಮ ಆಗಲೇ ಕರಗಿ ಬಿಳಿ ಮಾಂಸ ಕಾಣುತ್ತಿತ್ತು.

"ಥೂ, ಏನ್ ವಾಸ್ನೆ ಗುರು," ಒಬ್ಬ ಕರ್ಚೀಫು ತೆಗೆದ. ಇನ್ನೊಬ್ಬ ಮೂಗು ಹಿಡಿದುಕೊಂಡೇ ತನ್ನದೊಂದು ಫೋಟೋ ತೆಗೆದುಕೊಂಡ.

ಹಿಂದೆಯೇ ಬಂದ ಅನಿಲ್ ಕುಮಾರ್ ಹೇಳಿದ, "ಲೇ, ಆ ಪೊರಕೆ ತಗಂಡು ಅದನ್ನ ಆಚೆ ತಳ್ರೋ. ಫೋಟೋದಲ್ಲಿ ಗಲೀಜಾಗಿ ಕಾಣ್ತದೆ."

"ಮುಟ್ಬ್ಯಾಡಿ," ಚನ್ನಮಲ್ಲಮ್ಮ ಅಂದಳು. ದನಿ ಏರಿಸಲಿಲ್ಲ. "ಅದು ಅದರ ಊಟ. ನೀವು ಕಕ್ಕಿಸಿದ್ದು."

"ನಾವು ಪಕ್ಷಿ ಉಳಿಸೋರು ಅಮ್ಮ."

"ಉಳಿಸೋರಾದ್ರೆ ಮನೆಗೋಗಿ. ಇವತ್ತು ನಿಮ್ಮಿಂದ ಆಗೋ ಉಪಕಾರ ಅದೊಂದೇ."

"ಅಮ್ಮ, ಶಾಲು..."

"ಅದನ್ನ ಹೊದ್ಕಂಡು ಹೋಗಪ್ಪ, ಗಾಳಿ ಐತೆ."

ಅವರು ಗೊಣಗುತ್ತಾ ಹೋದರು. ಕಾರಿನ ಸದ್ದು ಅಡಗಿತು. ಕೊಟ್ಟಿಗೆಯಲ್ಲಿ ಮರಿ ಕಾಲು ಮಡಚಿ ಕುಸಿದಿತ್ತು, ಕಣ್ಣಿನ ಮೇಲೆ ಪೊರೆ ಎಳೆದುಕೊಂಡು. ಮೀನುಗಳು ಜನ ಓಡಾಡಿದ ಕಡೆ, ಮರಿಯಿಂದ ಒಂದೆರಡು ಮಾರು ದೂರಕ್ಕೆ ಕಾಲಿಗೆ ಸಿಕ್ಕಿ ಉರುಳಿದ್ದವು. ಇರುವೆ ಸಾಲು ಆಗಲೇ ಬಂದಿತ್ತು. ಸಂಜೆಯವರೆಗೆ ಬೇರೆ ಮೀನು ಸಿಗುವಂತಿರಲಿಲ್ಲ.

"ಓಬಳಮ್ಮಂಗೆ ಫೋನ್ ಮಾಡ್ಲಾ ಅತ್ತೆ?"

"ಅವಳು ಕೊರಟಗೆರೆಯಿಂದ ಬರೋ ಹೊತ್ಗೆ ಇರುವೆ ತಿಂದು ಮುಗಿಸಿರ್ತವೆ."

ಚನ್ನಮಲ್ಲಮ್ಮ ಮೊದಲು ಮೀನನ್ನು ಕಡ್ಡಿಯಲ್ಲಿ ಮರಿಯ ಕಡೆಗೆ ತಳ್ಳಿ ನೋಡಿದಳು. ಲೋಳೆಗೆ ಜಾರಿತು. ಇಕ್ಕಳ ತಂದಳು. ಕರಗಿದ ಮೀನು ಇಕ್ಕಳದ ಬಾಯಲ್ಲಿ ಎರಡು ತುಂಡಾಯಿತು. ಇಕ್ಕಳ ಕೆಳಗಿಟ್ಟಳು. ಕೊರಳಿನ ಲಿಂಗವನ್ನು ರವಿಕೆಯೊಳಕ್ಕೆ ಸೇರಿಸಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅರವತ್ತೆರಡು ವರ್ಷ ಯಾವ ಕೈ ಮೀನಿನ ಬುಟ್ಟಿಗೂ ತಾಗದೆ ಬದುಕಿತ್ತೋ ಆ ಕೈಯಿಂದ ಒಂದನ್ನೆತ್ತಿದಳು. ಬೆಚ್ಚಗಿತ್ತು. ಅದೇ ಎಲ್ಲಕ್ಕಿಂತ ಅಸಹ್ಯ, ಆ ಬಿಸಿ. ಇರುವೆಗಳನ್ನು ಹೆಬ್ಬೆರಳಿಂದ ಸವರಿ ಉದುರಿಸಿದಳು, ಉಸಿರು ಬಿಗಿಹಿಡಿದು ಮರಿಯ ಮುಂದೆ ಇಟ್ಟಳು, ಹಿಂದೆ ಸರಿದಳು. ಎರಡನೆಯದು. ಮೂರನೆಯದರ ಎರಡೂ ತುಂಡು. ಗೋಣಿ ಇಳಿಬಿಟ್ಟು ಹೊರಗೆ ಬಂದು, ಗೋಡೆ ಹಿಡಿದು, ಬೆಳಿಗ್ಗೆ ತಿಂದ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು.

ಬಾಯಿ ತೊಳೆದು ಗೋಣಿಯ ಸಂದಿಗೆ ಕಣ್ಣಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಮರಿ ಕಣ್ಣು ತೆರೆದು ಒಮ್ಮೆ ಬಾಗಿಲ ಕಡೆ ನೋಡಿತು. ಕೊಕ್ಕಿನಿಂದ ಮೀನನ್ನು ತಟ್ಟಿತು, ಬಿಟ್ಟಿತು. ಮತ್ತೆ ತಟ್ಟಿತು. ಆಮೇಲೆ ತಲೆ ಮೇಲಕ್ಕೆತ್ತಿ ಗುಟುಕ್ಕನೆ ನುಂಗಿತು. ಪಕ್ಕದಲ್ಲೇ ನಿಂತಿದ್ದ ಆಶಾರಾಣಿಯ ಕೈ ತಾನಾಗಿ ಫೋನನ್ನು ಮೇಲೆತ್ತಿತು.

"ಇಳಿಸೇ ಅದನ್ನ."

ಇಳಿಸಿದಳು. ಎರಡನೆಯ ಮೀನೂ ಹೋಯಿತು.

"ರಾತ್ರಿಗೆ ಇದು ಸಾಕಾಗ್ತದಾ ಅತ್ತೆ?"

"ಸಾಕಾಗಾಕಿಲ್ಲ. ಸಂಜೆ ಬಲೆ ಎತ್ತಾಕೆ ಕೆರೆ ತಾವ ಓಬಳಮ್ಮನ ಗಂಡ ಬತ್ತಾನೆ, ಹೋಗಿ ನಾಲ್ಕು ಸಣ್ಣವು ಇಸ್ಕಂಬಾ."

"ನಾನಾ?" ಆಶಾರಾಣಿಯ ಮುಖ ಹುಣಸೆಕಾಯಿ ಕಚ್ಚಿದಂತಾಯಿತು. "ಮೀನಾ? ಹೆಂಗೆ ತರ್ಲಿ?"

"ಕೈಯಾಗೆ," ಅಂದಳು ಚನ್ನಮಲ್ಲಮ್ಮ, ಇನ್ನೂ ತನ್ನ ಬೆರಳುಗಳನ್ನು ಮೈಯಿಂದ ದೂರ ಹಿಡಿದುಕೊಂಡೇ. "ಫೋನು ಇಲ್ಲೇ ಇಟ್ಟೋಗು."